ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ

ಐವತ್ತು ದಾಟಿದ ಗಂಡಸರಿಗೆ ಏನಾದರೊಂದು ಹುಚ್ಚು ಹಿಡಿಯುತ್ತದೆ. ಕೆಲವರು ತಲೆಗೆ ಬಣ್ಣ ಹಚ್ಚುತ್ತಾರೆ, ಕೆಲವರು ಕವಿತೆ ಬರೆಯುತ್ತಾರೆ. ನಾನು ಟರ್ಬೊ ಎಂಜಿನ್ನಿನ ಪುಟ್ಟ ಕೆಂಪು ಕಾರು ಕೊಂಡೆ. ಕಣ್ಣು ಮಿಟುಕಿಸುವುದರೊಳಗೆ ನೂರರ ವೇಗ ಮುಟ್ಟುತ್ತದೆ ಎಂದು ಮಾರಿದವನು ಹೇಳಿದ್ದ. ಇರಬಹುದು. ಪುಂಜಾಲಕಟ್ಟೆಯ ನನ್ನ ಮನೆಯಿಂದ ನಾನು ಗಣಿತ ಕಲಿಸುವ ಶಾಲೆಗೆ ಎರಡೇ ಕಿಲೋಮೀಟರ್, ಅದರಲ್ಲಿ ನಾಲ್ಕು ಹಂಪು. ವರ್ಷ ಕಳೆದರೂ ಕಾರು ಎರಡು ಸಾವಿರ ಓಡಿರಲಿಲ್ಲ.

ಸರ್ವಿಸ್ ಪುಸ್ತಕದಲ್ಲಿ ‘ಹತ್ತು ಸಾವಿರ ಕಿಲೋಮೀಟರ್’ ಎಂದಿತ್ತು. ಗಣಿತದ ಮಾಸ್ಟ್ರಲ್ಲವೇ, ಭಾಗಿಸಿ ನೋಡಿದೆ. ಸರ್ವಿಸಿನ ಹೊತ್ತಿಗೆ ನನ್ನ ನಿವೃತ್ತಿಯೂ ಬರುತ್ತಿತ್ತು. ಹೆಂಡತಿ ರತ್ನ ಪುಸ್ತಕ ಕಸಿದುಕೊಂಡಳು. “ಮುಂದೆಯೂ ಬರೆದದ್ದು ಉಂಟಲ್ಲ ಮಾರಾಯ್ರೇ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ವರ್ಷ ಆಗ್ಲಿಲ್ವಾ?” ಪ್ರಶ್ನೆಯನ್ನು ಪೂರ್ತಿ ಓದದ ಮಕ್ಕಳಿಗೆ ದಿನವೂ ಬೈಯುವವನು ನಾನು! ಮಾನ ಉಳಿಸಿಕೊಳ್ಳಲು, “ಈಗ ಆಟಿ ತಿಂಗಳು. ಆಟಿಯಲ್ಲಿ ಯಾರಾದ್ರೂ ಒಳ್ಳೆ ಕೆಲಸಕ್ಕೆ ಕೈ ಹಾಕ್ತಾರಾ? ಕಳೆಯಲಿ, ಆಮೇಲೆ ನೋಡುವ” ಎಂದೆ. ನಮ್ಮ ಕಡೆ ಆಟಿಯಲ್ಲಿ, ಅಂದರೆ ಆಷಾಢದ ಮಳೆಯ ದಿನಗಳಲ್ಲಿ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಆ ಪಟ್ಟಿಗೆ ಎಂಜಿನ್ ಆಯಿಲನ್ನೂ ಸೇರಿಸಿದವನು ನಾನೇ ಮೊದಲಿರಬೇಕು.

ಆಟಿ ಅಮಾವಾಸ್ಯೆಯ ಹಿಂದಿನ ದಿನ ಬಂಟ್ವಾಳದ ಸರ್ವಿಸ್ ಕೇಂದ್ರದಿಂದ ಫೋನ್ ಬಂತು. “ಸರ್, ಸರ್ವಿಸಿಗೆ ವರ್ಷದ ಮೇಲೆ ಕೊಟ್ಟ ಹೆಚ್ಚಿನ ಸಮಯ ನಾಳೆಗೆ ಮುಗೀತದೆ. ತಪ್ಪಿದ್ರೆ ಎಂಜಿನ್ನಿನ ವಾರಂಟಿ ಇಲ್ಲ.” ಪುಸ್ತಕ ತೆಗೆದು ತಾರೀಕು ಎಣಿಸಿದೆ, ಲೆಕ್ಕ ಸರಿಯೇ ಇತ್ತು. ಆದರೆ ಹೆಂಡತಿಯೆದುರು ಆಡಿದ ಮಾತನ್ನು ನುಂಗುವುದು ಹೇಗೆ? ಸುಮ್ಮನೆ ಮಲಗಿದೆ.

ಬೆಳಿಗ್ಗೆ ರತ್ನ ಹಾಲೆ ಮರದ ತೊಗಟೆಯ ಕಷಾಯ ತಂದಳು. ವರ್ಷಕ್ಕೊಮ್ಮೆ, ಈ ಅಮಾವಾಸ್ಯೆಯಂದೇ, ಕಾಯಿಲೆ ಬಾರದಿರಲೆಂದು ಊರಿಗೆ ಊರೇ ಖಾಲಿ ಹೊಟ್ಟೆಗೆ ಕುಡಿಯುವ ಕಹಿ.

“ಈ ವರ್ಷ ನೀವು ನಡೆದದ್ದೇ ಕಡಿಮೆ. ಕಷಾಯ ಬರುವ ವರ್ಷ ಕುಡಿದ್ರೆ ಸಾಕಲ್ಲ?” ಎಂದಳು.

“ಅದು ಹೇಗಾಗ್ತದೆ? ವರ್ಷ ಆಯ್ತಲ್ಲ!” ಎಂದುಬಿಟ್ಟೆ.

ಅವಳು ಕಾರಿನ ಕೀಲಿಕೈಯನ್ನು ಲೋಟದ ಪಕ್ಕ ಇಟ್ಟಳು.

ಬಂಟ್ವಾಳದಲ್ಲಿ ಮೆಕ್ಯಾನಿಕ್ ಶೇಖರಣ್ಣ ಆಯಿಲನ್ನು ಬೆರಳಲ್ಲಿ ಉಜ್ಜಿ ನೋಡಿ ಲೊಚಗುಟ್ಟಿದರು. “ಕಡಿಮೆ ಓಡಿಸಿದ್ರೆ ಆಯಿಲ್ ಹೊಸತೇ ಇರುದಿಲ್ಲ ಮಾಸ್ಟ್ರೇ. ಎಂಜಿನ್ ಸರಿ ಬಿಸಿ ಆಗುವ ಮೊದಲೇ ಬಂದ್ ಮಾಡ್ತೀರಿ, ಮತ್ತೂ ಬೇಗ ಹಾಳಾಗ್ತದೆ. ವಾರಕ್ಕೊಮ್ಮೆ ಆದ್ರೂ ದೂರ ಓಡಿಸಿ, ಸ್ವಲ್ಪ ಜೋರು.” ಪುಸ್ತಕಕ್ಕೆ ಮೊಹರು ಬಿತ್ತು, ವಾರಂಟಿ ಉಳಿಯಿತು. ಜೊತೆಗೆ ಬಂದಿದ್ದ ರತ್ನಳ ಕಿವಿಗೆ ಬಿದ್ದದ್ದು ಮಾತ್ರ ಆ ‘ಜೋರು’ ಒಂದೇ.

ವಾಪಸು ಬರುವಾಗ ಸ್ಟೇರಿಂಗ್ ಹಿಡಿದವಳು ಅವಳು. ಪೇಟೆ ದಾಟಿದ್ದೇ ತಡ, ಕಾರು ಹಗ್ಗ ಬಿಚ್ಚಿದ ಕರುವಿನ ಹಾಗೆ ನೆಗೆಯಿತು. ವರ್ಷವಿಡೀ ನನ್ನ ಹಿಂದೆ ಹಾರ್ನ್ ಹೊಡೆಯುತ್ತಿದ್ದ ಬಸ್ಸುಗಳೆಲ್ಲ ಈಗ ನಮ್ಮ ಹಿಂದೆ ಸಣ್ಣಗಾಗುತ್ತಿದ್ದವು. ವೇಗದ ಕಾರು ಬೇಕೇ ಬೇಕೆಂದು ಹಟ ಹಿಡಿದು ತಂದವನು ನಾನು, ಎರಡೂ ಕೈಯಲ್ಲಿ ಬಾಗಿಲಿನ ಹಿಡಿ ಹಿಡಿದುಕೊಂಡು ಕೂಗಿದೆ:

“ಮೆಲ್ಲ ಹೋಗು ಮಾರಾಯ್ತಿ! ವಾರಂಟಿ ಉಳಿದದ್ದು ಕಾರಿದ್ದು, ನನ್ನದಲ್ಲ!”