ಹಗುರ ಪುಲ್ಲಿಯೂ ಹತ್ತು ಕುದುರೆಗಳೂ

ಗಾರ್ಲಂಡ್ ಸ್ಟಕಿ ಮಹಾಶಯನ ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಅದನ್ನು ಬಿಚ್ಚಿ ತೆಗೆಯುವ ಸ್ಪ್ಯಾನರು ಇಡೀ ಇಂಡಿಯಾನಾದಲ್ಲಿ ಇರಲಿಲ್ಲ. ಈ ಸಲ ಹೊಕ್ಕಿದ್ದು ಪುಲ್ಲಿ, ಎಂದರೆ ಕಾರಿನ ಎಂಜಿನ್ನಿನ ಬೆಲ್ಟು ತಿರುಗಿಸುವ ಗಾಲಿ. ಅಲ್ಯೂಮಿನಿಯಮ್ಮಿನದು, ನೀಲಿ ಬಣ್ಣದ್ದು. ಅಂಚೆಯಲ್ಲಿ ಬಂದ ಗಳಿಗೆಯಲ್ಲೇ ಅದನ್ನು ಒಯ್ದು, ಹೆಂಡತಿ ನಡೀನ್ ಹಿಟ್ಟು ತೂಗುತ್ತಿದ್ದ ತಕ್ಕಡಿಯ ಮೇಲೆ ಪ್ರತಿಷ್ಠಾಪಿಸಿದ.

“ನೋಡೇ, ಒಂದು ಪೌಂಡೂ ಇಲ್ಲ! ಹಳೇ ಕಬ್ಬಿಣದ್ದು ಇದರ ನಾಲ್ಕರಷ್ಟು ಬರತ್ತೆ.”

“ನನ್ನ ಹಿಟ್ಟಿನ ಮೇಲೆ ಕೂತಿದೆ ಅದು. ಮೊದ್ಲು ತೆಗಿ.”

ತೆಗೆದ. ಉಪನ್ಯಾಸ ಮಾತ್ರ ನಿಲ್ಲಲಿಲ್ಲ. ಎಂಜಿನ್ನು ತಾನು ತಿರುಗುವುದಲ್ಲದೆ ಬೆಲ್ಟು ಕಟ್ಟಿಕೊಂಡು ಡೈನಮೋ, ಏಸಿ, ನೀರಿನ ಪಂಪುಗಳನ್ನೂ ತಿರುಗಿಸಬೇಕಷ್ಟೆ? ಅದರ ಮೂತಿಗೆ ಸಣ್ಣ ಪುಲ್ಲಿ ಹಾಕಿದರೆ ಅವೆಲ್ಲ ನಿಧಾನವಾಗುತ್ತವೆ. ಅವು ತಿನ್ನುತ್ತಿದ್ದ ಶಕ್ತಿ ಉಳಿದು ಚಕ್ರಕ್ಕೆ ಹೋಗುತ್ತದೆ. ಹತ್ತು ಕುದುರೆಶಕ್ತಿಯಷ್ಟು ಎಂದು ಡಬ್ಬಿಯ ಮೇಲೇ ಬರೆದಿತ್ತು. (ಡಬ್ಬಿಯ ಮೇಲಿನ ಬರಹವನ್ನು ಗಾರ್ಲಂಡ್ ಎಂದೂ ಅನುಮಾನಿಸಿದವನಲ್ಲ, ಕೂದಲು ಬೆಳೆಸುವ ಎಣ್ಣೆಯ ಡಬ್ಬಿಯನ್ನು ಕೂಡ.)

“ಅಂದ್ರೆ ಕೆಲಸ ಕಡಿಮೆ ಮಾಡಿದಷ್ಟೂ ಶಕ್ತಿ ಜಾಸ್ತಿ?” ಎಂದಳು ನಡೀನ್. “ಪಾತ್ರೆ ತೊಳೆಯೋ ವಿಷಯದಲ್ಲಿ ಇಪ್ಪತ್ತು ವರ್ಷದಿಂದ ನಿಂಗೆ ಸಣ್ಣ ಪುಲ್ಲೀನೇ ಇದೆ. ಶಕ್ತಿ ಎಲ್ಲಿ?”

“ನಗು, ನಗು. ಶನಿವಾರ ಕಾರ್ ಪಂದ್ಯದ ಟ್ರ್ಯಾಕಿಗೆ ಬಂದು ನೋಡು.”

“ನೋಡೋದ್ಯಾಕೆ, ನಾನೇ ಓಡಿಸ್ತೀನಿ. ನನ್ನ ವ್ಯಾನು, ನಿನ್ನ ಕೆಂಪು ಕಾರು. ನಾನು ಗೆದ್ರೆ ಗ್ಯಾರೇಜು ನಂದು.”

ಆ ಮನೆಯ ಗ್ಯಾರೇಜಿನಲ್ಲಿ ಒಂದೇ ಗಾಡಿಗೆ ಜಾಗ. ಹತ್ತೊಂಬತ್ತು ಚಳಿಗಾಲ ಕೆಂಪು ಕಾರು ಅಲ್ಲಿ ಕಂಬಳಿ ಹೊದ್ದು ಮಲಗಿತ್ತು. ವ್ಯಾನು ಹೊರಗೆ ಹಿಮದಲ್ಲಿ ನಿಂತಿತ್ತು. ನಡೀನ್ ದಿನಾ ಬೆಳಿಗ್ಗೆ ಗಾಜಿನ ಮೇಲಿನ ಮಂಜುಗಡ್ಡೆ ಕೆರೆದು, ಕೆಂಪಾದ ಮೂಗು ಹೊತ್ತು ಕೆಲಸಕ್ಕೆ ಹೋಗುತ್ತಿದ್ದಳು.

“ನಾನು ಗೆದ್ರೆ?”

“ಗ್ಯಾರೇಜಿನ ಮಾತು ಸಾಯೋವರೆಗೂ ಎತ್ತಲ್ಲ.”

“ಆಯ್ತು!” ಎಂದ ಗಾರ್ಲಂಡ್. ವ್ಯಾನಿಗೆ ಹೆದರುವ ಗಂಡಸೇ?

ಆದರೆ ಆ ಟ್ರ್ಯಾಕಿನ ಶನಿವಾರದ ಪಂದ್ಯದಲ್ಲಿ ವ್ಯಾನಿಗೂ ಹೆದರಬೇಕು. ಕಾಲು ಮೈಲಿಗೆ ತನಗೆ ಎಷ್ಟು ಸೆಕೆಂಡು ಬೇಕೆಂದು ಪ್ರತಿಯೊಬ್ಬನೂ ಗಾಜಿನ ಮೇಲೆ ಬಿಳಿ ಶೂ ಪಾಲಿಶಿನಲ್ಲಿ ಬರೆಯಬೇಕು. ಇಬ್ಬರು ಬರೆದದ್ದರ ನಡುವೆ ಎಷ್ಟು ಸೆಕೆಂಡು ವ್ಯತ್ಯಾಸವೋ, ನಿಧಾನದ ಗಾಡಿಯನ್ನು ಅಷ್ಟು ಮೊದಲೇ ಬಿಡುತ್ತಾರೆ. ಮೊದಲು ಗೆರೆ ಮುಟ್ಟಿದವರು ಗೆದ್ದರು. ಆದರೆ ಬರೆದದ್ದಕ್ಕಿಂತ ಬೇಗ ಓಡಿದವನು ಸುಳ್ಳುಗಾರನೆಂದು ಲೆಕ್ಕ. ಮೊದಲು ಮುಟ್ಟಿದರೂ ಸೋತ.

ಶನಿವಾರ ಬೆಳಿಗ್ಗೆ ಆರಕ್ಕೇ ಗಾರ್ಲಂಡ್ ಕಾರಿನ ಕೆಳಗೆ ತೂರಿದ. ಹಳೆಯ ಪುಲ್ಲಿ ಬರಲೊಲ್ಲೆನೆಂದಿತು. ಮಧ್ಯಾಹ್ನದ ಹೊತ್ತಿಗೆ ಬಂತು, ಅವನ ಮೂರು ಗೆಣ್ಣುಗಳ ಚರ್ಮದ ಸಮೇತ. ಸಣ್ಣ ಪುಲ್ಲಿಗೆ ಹಳೆಯ ಬೆಲ್ಟು ಉದ್ದವಾಗಿ ಜೋತುಬಿತ್ತು. ಗಿಡ್ಡ ಬೆಲ್ಟಿಗಾಗಿ ಅಂಗಡಿಗೆ ಎರಡು ಸಲ ಓಡಿದ. ಟ್ರ್ಯಾಕು ಸೇರಿದಾಗ ಅಭ್ಯಾಸದ ಓಟಗಳೆಲ್ಲ ಮುಗಿದಿದ್ದವು. ಅಭ್ಯಾಸದಲ್ಲಿ ಎರಡು ಸಲ ಓಡಿಸಿದ್ದ ನಡೀನ್ ಗಾಜಿನ ಮೇಲೆ 19.00 ಎಂದು ಮುದ್ದಾಗಿ ಬರೆದು, ಹಂದಿಮಾಂಸದ ಸ್ಯಾಂಡ್‌ವಿಚ್ ತಿನ್ನುತ್ತಿದ್ದಳು.

ಗಾರ್ಲಂಡ್ ಪಾಲಿಶ್ ಶೀಶೆ ಹಿಡಿದು ಗಾಜಿನ ಮುಂದೆ ನಿಂತ. ಕಾರಿನ ಹಳೆಯ ವೇಳೆ 15.00. ಹತ್ತು ಕುದುರೆ ನಿಜವಾದರೆ 14.80 ಬರೆಯಬೇಕು. ಒಂದು ವೇಳೆ ಡಬ್ಬಿ ಸುಳ್ಳು ಹೇಳಿದ್ದರೆ? ಆಗ ವ್ಯಾನು ಮುಂದೆ, ಗ್ಯಾರೇಜು ಢಮಾರ್. ಅಭಿಮಾನ 14.80 ಎನ್ನುತ್ತಿತ್ತು, ಕೈ 15.00 ಎಂದು ಬರೆದುಬಿಟ್ಟಿತು.

“ಯಾಕೋ, ಹಳೇ ನಂಬರೇ?” ನಡೀನ್ ಬಾಯಿ ಒರೆಸಿಕೊಂಡಳು. “ಕುದುರೆಗಳು ಇನ್ನೂ ಲಾಯಕ್ಕೆ ಬಂದಿಲ್ವಾ?”

“ಅದು ತಂತ್ರ ಕಣೇ. ನಿಂಗರ್ಥ ಆಗಲ್ಲ.”

ನಡೀನಳ ಹಸಿರು ದೀಪ ಹತ್ತಿತು. ವ್ಯಾನು ಏಸಿ ಹಾಕಿಕೊಂಡು, ಸಂತೆಗೆ ಹೊರಟಂತೆ ಹೊರಟಿತು. ನಾಲ್ಕು ಸೆಕೆಂಡು ಗಾರ್ಲಂಡ್ ಹಲ್ಲು ಕಚ್ಚಿ ಕಾದ. ತನ್ನ ದೀಪ ಹತ್ತಿದ್ದೇ ಕಾರು ಎಗರಿತು. ಅಟ್ಟಿಸಿಕೊಂಡು ಹೋಗಿ ಹೋಗಿ, ಗೆರೆಯ ಹತ್ತಿರ ವ್ಯಾನನ್ನು ಒಂದು ಕಾರಿನಷ್ಟು ಹಿಂದೆ ಹಾಕಿ, ಕಿಟಕಿಯಿಂದ ಮುಷ್ಟಿ ಹೊರಚಾಚಿ ಕೂಗಿದ.

ವೇಳೆಯ ಚೀಟಿ ಕೊಡುವ ಕಿಟಕಿಯಲ್ಲಿ ಒಬ್ಬ ಮುದುಕಿ ಕೂತಿದ್ದಳು. ಚೀಟಿಯಲ್ಲಿ 14.86 ಎಂದಿತ್ತು.

“ನೋಡಿದ್ರಾ ಅಮ್ಮಾ! ಪುಲ್ಲಿ ಕೆಲಸ ಮಾಡ್ತು!”

“ಮಾಡ್ತಪ್ಪಾ. ಅದಕ್ಕೇ ಸೋತಿದ್ದೀಯ.”

ಹಿಂದೆಯೇ ಬಂದ ನಡೀನ್ ತನ್ನ ಚೀಟಿ ತೋರಿಸಿದಳು. 19.04. ಅಪ್ಪಟ ಪ್ರಾಮಾಣಿಕತೆ.

“ನಂದೇ ತಪ್ಪು, ಒಪ್ಕೋತೀನಿ,” ಎಂದಳು. “ಪಾಪ, ಪುಲ್ಲಿ ಕೊಟ್ಟ ಮಾತು ಉಳಿಸ್ಕೊಳ್ತು. ಅದನ್ನ ನಂಬದೇ ಇದ್ದೋನು ಗಾಜಿನ ಮೇಲೆ ಬರೆದೋನು.”

“ಗಾಳಿ ಹಿಂದಿನಿಂದ ಬೀಸ್ತಿತ್ತು...” ಎಂದು ಶುರುಮಾಡಿದವನು ನಾಲಿಗೆ ಕಚ್ಚಿಕೊಂಡ. ಗಾಳಿ ಎಂದರೆ ಪುಲ್ಲಿಯ ಮಾನ ಹೋಗುತ್ತದೆ. ಪುಲ್ಲಿ ಎಂದರೆ ತನ್ನದು. ಜೀವಮಾನದಲ್ಲಿ ಮೊದಲ ಬಾರಿಗೆ ಗಾರ್ಲಂಡ್ ಸ್ಟಕಿಗೆ ಒಂದು ವಿಷಯದ ಬಗ್ಗೆ ಅಭಿಪ್ರಾಯವೇ ಇರಲಿಲ್ಲ.

ಡಿಸೆಂಬರಿನ ಒಂದು ಬೆಳಿಗ್ಗೆ. ಅಂಗಳದಲ್ಲಿ ಹಿಮದ ಗುಡ್ಡೆಯಾಗಿದ್ದ ಕೆಂಪು ಕಾರಿನೊಳಗೆ, ಬಾಗಿಲು ತೆರೆದಿಟ್ಟು ಕೂತು ಗಾರ್ಲಂಡ್ ಕೀಲಿ ತಿರುಗಿಸಿದ. ಟಿಕ್. ಮತ್ತೆ ಟಿಕ್. ಸಣ್ಣ ಪುಲ್ಲಿಯ ಕೃಪೆಯಿಂದ ಸೋಮಾರಿಯಾದ ಡೈನಮೋ ಬ್ಯಾಟರಿ ತುಂಬಿಸಿರಲಿಲ್ಲ. ಆಗ ಗ್ಯಾರೇಜಿನ ಬಾಗಿಲು ಗಂಭೀರವಾಗಿ ಮೇಲೆದ್ದಿತು. ಬೆಚ್ಚಗಿನ ವ್ಯಾನು ಹೊರಬಂದು ನಿಂತಿತು, ಅದರ ಕಿಟಕಿಯ ಗಾಜು ನಾಲ್ಕು ಬೆರಳು ಇಳಿಯಿತು.

“ಏನೋ, ಹತ್ತು ಕುದುರೇಲಿ ಒಂದೂ ಎದ್ದಿಲ್ವಾ?”

ಅವನು ಉತ್ತರಿಸುವ ಮೊದಲೇ, ಹತ್ತೊಂಬತ್ತು ಚಳಿಗಾಲ ಸವೆದ ಮಂಜು ಕೆರೆಯುವ ಪಟ್ಟಿ ಹಾರಿಬಂದು ಅವನ ಕಾಲ ಬಳಿ ಬಿತ್ತು.

“ಹಿಡ್ಕೋ,” ಎಂದಳು ನಡೀನ್, ಗಾಜು ಏರಿಸುತ್ತ. “ತುಂಬ ಹಗುರ. ಒಂದು ಪೌಂಡೂ ಇಲ್ಲ.”