ಹಸಿದ ಅಳಿಯ, ಉಬ್ಬದ ಹಿಟ್ಟು

ಹಾಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಶೀಳನೆರೆ ಹೋಬಳಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನು ನಂಬಿದ್ದ ಕಾಲವದು. ತೊಂಬತ್ತರ ದಶಕ. ನಮ್ಮೂರ ಡೈರಿಗೆ ನಾನೇ ಸೆಕ್ರೆಟರಿ. ಕೊಟ್ಟಿಗೆಯಲ್ಲಿ ಎರಡು ಹಸು, ಒಂದು ಎಮ್ಮೆ. ಇಂಥ ಮನೆಗೆ ದೇವರು ಹುಡುಕಿ ಕೊಟ್ಟ ಅಳಿಯ, ಹಾಲನ್ನೇ ಮುಟ್ಟದವನು!

ಅಳಿಯ ರಮೇಶ ಮೈಸೂರಿನಲ್ಲಿ ಕೆಲಸದಲ್ಲಿದ್ದ. ಅಲ್ಲಿ ಯೋಗ ಕಲಿಯಲು ಬಂದ ಪರದೇಶದವರ ಸಹವಾಸದಿಂದ ಮೊದಲು ಬಾಡು ಬಿಟ್ಟ, ಆಮೇಲೆ ಹಾಲು, ಮೊಸರು, ತುಪ್ಪವನ್ನೂ ಬಿಟ್ಟ. ಸಂಕೋಚದ ಪ್ರಾಣಿ, ನಮಗೆ ಹೇಳಲಿಲ್ಲ. ಮದುವೆಯಾದ ಮೇಲೆ ಎರಡು ಸಲ ಬಂದವನು ಎರಡು ಸಲವೂ ಎಲೆಯಲ್ಲಿ ಬೆರಳಾಡಿಸಿ ಎದ್ದುಬಿಟ್ಟ. ಮಗಳು ಶೋಭಾ ಹಿತ್ತಲಲ್ಲಿ ಕಣ್ಣೊರೆಸಿಕೊಂಡದ್ದನ್ನು ನಾನೇ ಕಂಡೆ. ಕೇಳಿದಾಗ ವಿಷಯ ತಿಳಿಯಿತು. ನನ್ನ ಮನೆಯಿಂದ ಅಳಿಯ ಹಸಿದು ಹೋಗುವುದೆಂದರೇನು? ಮೂರನೆಯ ಸಲ ಅವನಿಗೆ ಹೊಟ್ಟೆ ತುಂಬ ಇಕ್ಕಿಯೇ ಕಳಿಸಬೇಕೆಂದು ಪಣ ತೊಟ್ಟೆ.

ಅವರು ಬರುವ ಮೊದಲು ಶೋಭಾ ಒಂದು ಡಬ್ಬಿ ಕಳಿಸಿ, ಡೈರಿ ಪಕ್ಕದ ಅಂಗಡಿಗೆ ಫೋನ್ ಮಾಡಿದಳು.

"ಅಪ್ಪ, ಅದು ಯೀಸ್ಟು. ಅವ್ರ ಜೊತೆ ಯೋಗ ಕಲಿಯೋರು ಕೊಟ್ಟಿದ್ದು. ತುಪ್ಪದ ಬದ್ಲು ಅನ್ನದ ಮೇಲೆ ಒಂದು ಚಮಚ ಉದುರಿಸಿದ್ರೆ ಆಯ್ತು. ಅವ್ರಿಗೆ ಬಲು ಇಷ್ಟ."

"ನಂಗೊತ್ತಿಲ್ವೇನವ್ವ, ಬುಡು" ಎಂದೆ.

ನನಗೆ ಗೊತ್ತಿದ್ದದ್ದು ಇಷ್ಟೇ. ಕೆ.ಆರ್. ಪೇಟೆಯ ಬೇಕರಿಯೊಂದರಲ್ಲಿ ಬನ್ನಿನ ಹಿಟ್ಟು ಬೋಗುಣಿ ದಾಟಿ ಉಬ್ಬಿದ್ದನ್ನು ಕಂಡಿದ್ದೆ. ಯೀಸ್ಟಿನ ಮಹಿಮೆ ಎಂದಿದ್ದರು. ಅದನ್ನು ಹಸಿಯಾಗಿ ಅನ್ನದ ಮೇಲೆ ಉದುರಿಸುವುದೇ? ಅಳಿಯನ ಹೊಟ್ಟೆಯೊಳಗೆ ಹೋಗಿ ಉಬ್ಬಿದರೆ ಹೊಣೆ ಯಾರು? ಉಬ್ಬುವುದೇನಿದ್ದರೂ ಹೊರಗೇ ಉಬ್ಬಿ ಮುಗಿಸಲಿ, ಆಮೇಲೆ ಇಡ್ಲಿ ಬೇಯಿಸೋಣ ಎಂದು ತೀರ್ಮಾನಿಸಿದೆ.

ಹೆಂಡತಿ ಜಯಮ್ಮ ಡಬ್ಬಿಯೊಳಗಿನ ಹಳದಿ ಚಕ್ಕೆಗಳನ್ನು ಮೂಸಿ ನೋಡಿದಳು. "ಹಸ್ಗೋಳ್ಗೆ ಇಕ್ಕೋ ಬೂಸಾ ಇದ್ದಂಗದೆ. ಮಗ್ಳು ಯೋಳ್ದಂಗೆ ಸುಮ್ನೆ ಉದುರ್ಸಿ ಬುಡಿ."

"ಇದು ವಿಜ್ಞಾನ. ನಿಂಗೆ ತಿಳಿಯಾಕಿಲ್ಲ" ಎಂದು ಅಡುಗೆಮನೆಯನ್ನು ವಶಪಡಿಸಿಕೊಂಡೆ.

ಯೀಸ್ಟು ಇರುವಾಗ ಹಿಟ್ಟು ರಾತ್ರಿಯಿಡೀ ಯಾಕೆ ಹುಳಿ ಬರಬೇಕು? ಅವರು ಬರುವ ದಿನ ಬೆಳಿಗ್ಗೆಯೇ ಹಿಟ್ಟು ರುಬ್ಬಿಸಿದೆ. ಉಕ್ಕಿ ಹರಿದರೆ ಕಷ್ಟವೆಂದು ನೀರು ಕಾಯಿಸುವ ಹಂಡೆಯನ್ನೇ ಉಜ್ಜಿ ತಂದು ಅದರಲ್ಲಿ ಸುರಿದೆ. ಹಾಲಿಗೆ ಹೆಪ್ಪು ಹಾಕುವ ಹದದಲ್ಲಿ ಒಂದು ಚಮಚ ಯೀಸ್ಟು ಬೆರೆಸಿ ಕಾದೆ. ಹಿಟ್ಟು ಅಲುಗಲಿಲ್ಲ. ಇನ್ನೊಂದು ಹಿಡಿ ಹಾಕಿದೆ. ಅಲುಗಲಿಲ್ಲ. ಕೊನೆಗೆ ಡಬ್ಬಿಯನ್ನೇ ಬೋರಲು ಹಾಕಿ, ಹಂಡೆಗೆ ಕಂಬಳಿ ಹೊದಿಸಿ ಅಂಗಳದ ಬಿಸಿಲಿಗಿಟ್ಟು ಪಕ್ಕದಲ್ಲಿ ಕುಳಿತೆ.

ಪಕ್ಕದ ಮನೆಯ ಬೋರೇಗೌಡ ಬಂದ. "ಯಾರ್ಗ್ಲಾ ಜ್ವರ?"

"ಇಡ್ಲಿ ಹಿಟ್ಗೆ."

"ಅಂಗಾದ್ರೆ ಒಲೆ ಮೇಲಿಡು ಕಣ್ಲಾ, ಬೆಚ್ಚಗಾಯ್ತದೆ."

ಆ ಹೊತ್ತಿಗೆ ಅದೂ ನನಗೆ ಸರಿ ಎನ್ನಿಸಿತು! ಒಲೆಯ ಮೇಲೆ ಹಂಡೆಯ ತಳ ಸೀದಿತು, ನಡುಭಾಗ ಗಟ್ಟಿಯಾಯಿತು, ಮೇಲೆ ನೀರು ನಿಂತಿತು. ಮನೆಯೆಲ್ಲ ಕಮಟು ವಾಸನೆ. ಅಷ್ಟರಲ್ಲಿ ಮಗಳು ಅಳಿಯ ಬಸ್ಸಿಳಿದು ಬಂದರು.

"ಡಬ್ಬಿ ಎಲ್ಲಪ್ಪ?" ಎಂದಳು ಶೋಭಾ.

ಹಂಡೆ ತೋರಿಸಿದೆ.

"ಅಷ್ಟೂ ಸುರಿದುಬುಟ್ಯಾ? ಅದು ಉಬ್ಬಲ್ಲ ಅಪ್ಪ. ಸತ್ತಿರೋ ಯೀಸ್ಟು ಅದು, ಬರೀ ರುಚಿಗೆ."

ಅಂದರೆ ಬೆಳಗಿನಿಂದ ನಾನು ಹೆಣಕ್ಕೆ ಕಂಬಳಿ ಹೊದಿಸಿ ಕಾವಲು ಕೂತಿದ್ದೆ.

"ಈ ಸಲಾನೂ ಅವ್ರು ಹಸ್ಕೊಂಡೇ ಹೋಗ್ಬೇಕಾ?" ಎಂದಳು. ಅಳಿಯನಿಗೆ ಮುಖ ತೋರಿಸಲಾರದೆ ಹಂಡೆ ಹೊತ್ತು ಕೊಟ್ಟಿಗೆಗೆ ಹೋಗಿ, ಅಲ್ಲಿ ಅದರ ತಳ ಕೆರೆಯುತ್ತ ಕುಳಿತುಬಿಟ್ಟೆ.

ಬಹಳ ಹೊತ್ತಿನ ಮೇಲೆ ಒಳಗೆ ಬಂದು ನೋಡಿದರೆ ರಮೇಶ ಉಣ್ಣುತ್ತಿದ್ದ. ಜಯಮ್ಮ ನಮಗೆಂದು ಮಾಡಿದ್ದ ರಾಗಿಮುದ್ದೆ, ದಂಟಿನ ಸೊಪ್ಪಿನ ಉಪ್ಪುಸಾರು, ಹುಚ್ಚೆಳ್ಳು ಚಟ್ನಿ. ಹಣೆಯ ಮೇಲೆ ಬೆವರು.

"ಇನ್ನೊಂದರ್ಧ ಮುದ್ದೆ ಇಕ್ಕಿ ಅತ್ತೆ" ಎನ್ನುತ್ತಿದ್ದ.

"ಇದ್ನೆಲ್ಲ ನೀವು ಉಣ್ತೀರಾ?" ಎಂದು ಕೇಳಿದೆ.

"ಯಾಕ್ ಉಣ್ಣಲ್ಲ ಮಾವ? ಇದ್ರಲ್ಲಿ ಹಾಲು ಎಲ್ಲದೆ?" ಎಂದು ತಲೆ ತಗ್ಗಿಸಿ ನಕ್ಕ. "ಆ ಎರಡು ಸಲಾನೂ ಉಣ್ಣೋಣ ಅಂತ್ಲೇ ಕೂತೆ. ನೀವು ಎಲೆ ತುಂಬ ತುಪ್ಪ ಸುರಿದುಬುಟ್ರಿ. ಬೇಡ ಅಂದಿದ್ಕೆ ಇನ್ನೊಂದು ಸೌಟು ಸುರಿದ್ರಿ."

ಹೊಸ ಅಳಿಯ ಬೇಡ ಎಂದರೆ ಇನ್ನಷ್ಟು ಹಾಕು ಎಂದರ್ಥ. ನಮ್ಮ ಕಡೆ ಮಗುವಿಗೂ ಗೊತ್ತಿರುವ ಮರ್ಯಾದೆ ಅದು. ಹಾಗಾದರೆ ಇಷ್ಟು ದಿನ ಅವನನ್ನು ಉಪವಾಸ ಕೆಡವಿದ್ದು ನನ್ನ ಸೌಟೇ! ಶೋಭಾ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದಳು. ಆ ನಗು ನೋಡಿ ನನ್ನ ಎದೆ ಹಗುರವಾಯಿತು.

ಅವತ್ತಿನಿಂದ ಅಳಿಯ ಬಂದಾಗಲೆಲ್ಲ ಜಯಮ್ಮ ನನಗೊಂದು ಜವಾಬ್ದಾರಿ ವಹಿಸಿದ್ದಾಳೆ. ಅವನು ಉಂಡು ಕೈ ತೊಳೆಯುವವರೆಗೆ ನಾನು ಜಗಲಿ ಬಿಟ್ಟು ಒಳಗೆ ಬರಕೂಡದು.