ಹೆಂಡತಿಯ ಮೀಸೆ

ರಾಜೇಂದ್ರನ ಹೊಟ್ಟೆಗೆ ಬೆಂಕಿ ಬಿದ್ದದ್ದು ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದ ಕೂಡಲೇ. ಮದ್ದೂರಿನ ಪೇಟೆ ಬೀದಿಯಲ್ಲಿ ಅವನದು ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತಿಕೊಡುವ ಅಂಗಡಿ. ಎದುರಿನ ಕರೆಂಟು ಕಂಬಕ್ಕೆ ಯಾರೋ ಆಳೆತ್ತರದ ಫ್ಲೆಕ್ಸ್ ಕಟ್ಟಿಹೋಗಿದ್ದರು. ಹಳ್ಳಿಕಾರ್ ಎತ್ತಿನ ಕೊಂಬಿನಂಥ ಮೀಸೆ, ತಲೆಯ ಮೇಲೆ ಕಿರೀಟ, ಕೈಯಲ್ಲಿ ಹಿರಿದ ಕತ್ತಿ. ಊರನ್ನೇ ನುಂಗುವ ಹಾಗೆ ಕಣ್ಣು ಬಿಟ್ಟುಕೊಂಡು ನಿಂತಿದ್ದ ಆ ಮಹಾರಾಜ ಬೇರೆ ಯಾರೂ ಅಲ್ಲ, ಅವನ ಹೆಂಡತಿ ನಯನ.

'ಮಳವಳ್ಳಿಯಲ್ಲಿ ಇಂದು ಮಹಿಳಾ ನಾಟಕ ಸ್ಪರ್ಧೆ. ಚಂಡಪ್ರತಾಪ ಮಹಾರಾಜನ ಪಾತ್ರದಲ್ಲಿ ಶ್ರೀಮತಿ ನಯನ ರಾಜೇಂದ್ರ' ಎಂದು ಕೆಳಗೆ ಬರೆದಿತ್ತು. ಅವನ ಹೆಸರೂ ಇತ್ತು ನಿಜ, ಆದರೆ ಹೆಂಡತಿಯ ಹೆಸರಿನ ಬಾಲವಾಗಿ.

ಸುಟ್ಟುಹೋದ ಮೋಟಾರನ್ನು ಸ್ಕೂಟರಿನಲ್ಲಿ ತಂದಿದ್ದ ರೈತನೊಬ್ಬ ಫ್ಲೆಕ್ಸನ್ನೂ ರಾಜೇಂದ್ರನನ್ನೂ ಎರಡೆರಡು ಸಲ ನೋಡಿದ.

"ಏನ್ಲಾ ರಾಜೇಂದ್ರ, ನಿಮ್ಮನೇಲಿ ಮೀಸೆ ಬುಟ್ಟಿರೋರು ಯಾರು ಅಂತ ಈಗ ಗೊತ್ತಾಯ್ತು ಬುಡು!"

ರಾಜೇಂದ್ರ ನಕ್ಕ. ಹಲ್ಲು ಮಾತ್ರ ನಕ್ಕಿತು. ಅವನಿಗೂ ಮೀಸೆ ಇತ್ತು. ದಿನಾ ಬೆಳಿಗ್ಗೆ ಹರಳೆಣ್ಣೆ ತಿಕ್ಕಿ, ಸಣ್ಣ ಬಾಚಣಿಗೆಯಿಂದ ಬಾಚಿ ಸಾಕಿದ ಮೀಸೆ. ಅದನ್ನು ಬಿಟ್ಟದ್ದೇ ರಾಜನ ಪಾತ್ರಕ್ಕೆ. ಊರಿನ ಗಂಡಸರ ನಾಟಕದಲ್ಲಿ ಅವನು ವರ್ಷಗಟ್ಟಲೆಯಿಂದ ಇದ್ದ. ಆದರೆ ದೇವರು ಕೊಟ್ಟದ್ದು ಸೂಜಿಯಂಥ ತೆಳ್ಳಗಿನ ಕಂಠ. ಅದರಿಂದ ಸಿಂಹಾಸನದ ಹತ್ತಿರಕ್ಕೆ ಯಾರೂ ಬಿಟ್ಟುಕೊಳ್ಳದೆ ಬಾಗಿಲಲ್ಲೇ ನಿಲ್ಲಿಸಿದ್ದರು. ಪ್ರತಿ ನಾಟಕದಲ್ಲೂ ಅವನು ದ್ವಾರಪಾಲಕ. ಒಂದೇ ಒಂದು ಸಲ ಅವನ ಫೋಟೋ ಫ್ಲೆಕ್ಸಿನ ಮೂಲೆಯಲ್ಲಿ ಅಂಚೆಚೀಟಿಯಷ್ಟಾಗಿ ಬಂದಿತ್ತು. ಕಟ್ಟಿದವನು ಅದರ ಮೇಲೇ ಹಗ್ಗದ ಗಂಟು ಹಾಕಿದ್ದ.

ನಯನ ಹುಟ್ಟಿದ ಮೇಲೆ ಬಣ್ಣ ಹಚ್ಚಿದವಳಲ್ಲ. ಬೀದಿಯ ಹೆಂಗಸರ ಸಂಘ ನಾಟಕ ಆಡಬೇಕೆಂದು ಹೊರಟಾಗ ಹಾರ್ಮೋನಿಯಂ ಮೇಷ್ಟ್ರು ಕಸ್ತೂರಿರಂಗ ಅವಳ ಬಾಯಲ್ಲಿ ಒಂದು ಮಾತು ಹೇಳಿಸಿ ನೋಡಿ, "ಇವಳೇ ನಮ್ಮ ರಾಜ" ಎಂದುಬಿಟ್ಟಿದ್ದರು. ಅಂದಿನಿಂದ ಮೂರು ತಿಂಗಳು ರಾಜೇಂದ್ರನ ಮನೆ ಅರಮನೆಯಾಗಿತ್ತು. ಅವಳು ಮುದ್ದೆ ತಿರುವುತ್ತಾ "ಎಲೈ ಸೇನಾಧಿಪತಿ, ಶತ್ರುವಿನ ತಲೆಯನ್ನು ತಂದು ನನ್ನ ಪಾದದಲ್ಲಿ ಚೆಲ್ಲು!" ಎಂದು ಗುಡುಗುವಳು. ಇವನು ಅವರೆಕಾಯಿ ಬಿಡಿಸುತ್ತಾ ಕೂತು, ಪುಸ್ತಕ ನೋಡಿಕೊಂಡು ರಾಣಿ ಮರಕತವಲ್ಲಿಯ ಮಾತು ಹೇಳಬೇಕು. ಎದುರಿಗೆ ಮಾತು ಕೊಡುವವರಿಲ್ಲದಿದ್ದರೆ ಅಭ್ಯಾಸವಾಗುವುದು ಹೇಗೆ?

ಒಂಬತ್ತು ಗಂಟೆಗೆ ಮನೆಯ ಮುಂದೆ ಟೆಂಪೋ ಬಂದು ನಿಂತಾಗ ರಾಜೇಂದ್ರನೂ ಅಂಗಡಿ ಮುಚ್ಚಿ ಬಂದಿದ್ದ.

"ನೀವೂ ಬನ್ರೀ," ಎಂದಳು ನಯನ, ವೇಷದ ಪೆಟ್ಟಿಗೆಯನ್ನು ಅವನ ಕೈಗೆ ಕೊಡುತ್ತಾ. "ನೀವು ಮುಂದ್ಗಡೆ ಕೂತಿದ್ರೆ ನಂಗೊಂದು ಧೈರ್ಯ."

ಅವಳು ಅದನ್ನು ಮನಸಾರೆ ಹೇಳಿದ್ದಳು. ಅದೇ ಅವನನ್ನು ಇನ್ನಷ್ಟು ಉರಿಸಿತು. ಪೆಟ್ಟಿಗೆ ಹೊತ್ತು ಟೆಂಪೋ ಹತ್ತುವಾಗಲೇ ಅವನು ನಿರ್ಧಾರ ಮಾಡಿದ್ದ. ಇವತ್ತು ಇವಳ ಗಂಟಲು ಕೂರಬೇಕು.

ಕೆ.ಎಂ. ದೊಡ್ಡಿಯಲ್ಲಿ ಟೆಂಪೋ ನಿಂತಾಗ ಕುಲ್ಫಿ ಗಾಡಿಯೊಂದು ಕಣ್ಣಿಗೆ ಬಿತ್ತು. ರಾಜೇಂದ್ರ ಓಡಿಹೋಗಿ ಹಲ್ಲು ಮರಗಟ್ಟುವಂಥ ದಪ್ಪನೆಯ ಕುಲ್ಫಿ ತಂದು ಹೆಂಡತಿಯ ಮುಂದೆ ಹಿಡಿದ.

"ತಕೊ. ಬಿಸಿಲು ಜೋರಾಗೈತೆ."

"ಅಯ್ಯೋ, ಗಂಟ್ಲು ಓಯ್ತದೆ ಕಣ್ರೀ!"

"ಏನೂ ಆಗಲ್ಲ. ಒಂಚೂರು ತಿನ್ನು."

ಹಿಂದಿನ ಸೀಟಿನಿಂದ ಮಾಯಮ್ಮ ಕತ್ತು ಚಾಚಿದಳು. ಪಕ್ಕದ ಮನೆಯಾಕೆ, ನಾಟಕದಲ್ಲಿ ಸೇನಾಧಿಪತಿ. ಯಾರ ಮನೆಯ ಒಲೆಯ ಮೇಲೆ ಏನು ಬೇಯುತ್ತಿದೆ ಎಂಬುದು ಆ ಮನೆಯವರಿಗಿಂತ ಮೊದಲು ಆಕೆಗೆ ತಿಳಿಯುತ್ತಿತ್ತು.

"ನೋಡ್ರಮ್ಮಿ, ಗಂಡ ಅಂದ್ರೆ ಇವ್ನು! ಎಂಡ್ತಿಗೆ ಬಿಸ್ಲು ಅಂತ ಓಡೋಗಿ ತಂದವ್ನೆ. ನಮ್ಮನೇವ್ನೂ ಅವ್ನೆ, ಒಂದು ಸೋಡ ಕೊಡ್ಸಿದ್ದು ಕಾಣೆ. ರಾಜೇಂದ್ರ, ನಾವೇನ್ ಪಾಪ ಮಾಡಿದ್ವಿ? ಎಲ್ರಿಗೂ ಕೊಡ್ಸಪ್ಪ!"

ಟೆಂಪೋ ತುಂಬ ಕೈಗಳು ಎದ್ದವು. ಗಾಡಿಯವನು ಡಬ್ಬವನ್ನೇ ಎತ್ತಿಕೊಂಡು ಬಂದ. ಸಿಪಾಯಿ, ಮಂತ್ರಿ, ಋಷಿ, ಸಖಿಯರು ಎಲ್ಲರೂ ಚೀಪಿದರು. ನಯನ ಮಾತ್ರ ಫ್ಲಾಸ್ಕಿನಿಂದ ಮೆಣಸಿನ ಕಷಾಯ ಬಗ್ಗಿಸಿಕೊಂಡು ಕುಡಿದು, ತನ್ನ ಪಾಲಿನದನ್ನು ಪಕ್ಕದಲ್ಲಿದ್ದ ದೀಪಿಕಳಿಗೆ ಕೊಟ್ಟಳು. ದೀಪಿಕ ರಾಣಿ ಮರಕತವಲ್ಲಿ. ಈಚೆಗಷ್ಟೇ ಅವರ ಬೀದಿಗೆ ಸೊಸೆಯಾಗಿ ಬಂದ ಹುಡುಗಿ, ಕುಲ್ಫಿ ಎಂದರೆ ಪ್ರಾಣ. ಎರಡು ಕೈಯಲ್ಲಿ ಎರಡು ಹಿಡಿದು ಮಳವಳ್ಳಿ ಬರುವವರೆಗೂ ಮಾತಾಡಲಿಲ್ಲ.

ನಾಟಕ ನಡೆಯುವ ಕಲ್ಯಾಣ ಮಂಟಪದಲ್ಲಿ ಆಗಲೇ ಜನ ಸೇರಿತ್ತು. ಅಡುಗೆಮನೆಯ ಪಕ್ಕದ ಉಗ್ರಾಣವೇ ಬಣ್ಣದ ಮನೆ. ರಾಜೇಂದ್ರ ಪೆಟ್ಟಿಗೆ ಇಳಿಸಿ ಮುಚ್ಚಳ ತೆಗೆದ. ಕಿರೀಟದ ಪಕ್ಕದಲ್ಲಿ ಕಾಗದದ ಪೊಟ್ಟಣದೊಳಗೆ ಆ ಮೀಸೆ ತಣ್ಣಗೆ ಮಲಗಿತ್ತು. ಸುತ್ತ ನೋಡಿದ. ಹೆಂಗಸರೆಲ್ಲ ಕನ್ನಡಿಗೆ ಜಗಳವಾಡುತ್ತಿದ್ದರು. ಮೀಸೆಯನ್ನು ಅಂಗಿಯ ಜೇಬಿಗೆ ಸೇರಿಸಿ ಹಿತ್ತಲಿಗೆ ನಡೆದ.

ಅವನಿಗೆ ಅದನ್ನು ಹಾಳು ಮಾಡುವ ಯೋಚನೆ ಇರಲಿಲ್ಲ. ಸ್ವಲ್ಪ ಹೊತ್ತು ಬಚ್ಚಿಟ್ಟು, ಹೆಂಡತಿ ಹುಡುಕಾಡಿ ಅಳುವ ಹಾಗಾದಾಗ ತಾನೇ ತಂದುಕೊಟ್ಟು ದೊಡ್ಡವನಾಗಬೇಕೆಂದಿದ್ದ. ಅದಕ್ಕಾಗಿ ಕಾಂಪೌಂಡಿನ ಮೇಲೆ ಎರಡು ಕಲ್ಲುಗಳ ಸಂದಿಯಲ್ಲಿ ಇಟ್ಟ. ಅಲ್ಲೇ ಕೆದಕುತ್ತಿದ್ದ ಹುಂಜ ಕತ್ತು ಓರೆ ಮಾಡಿ ನೋಡಿತು. ಅದಕ್ಕೆ ಕಂಡದ್ದು ದಪ್ಪನೆಯ ಕಂಬಳಿಹುಳು. ಹಾರಿತು, ಕಚ್ಚಿತು, ಗೋಡೆಯಾಚೆಗೆ ನೆಗೆಯಿತು.

"ಲೇ! ಲೇ ಬುಡ್ಲಾ!"

ರಾಜೇಂದ್ರ ಗೋಡೆ ಹತ್ತಿ ನೋಡುವಷ್ಟರಲ್ಲಿ ಚಂಡಪ್ರತಾಪನ ಮೀಸೆಯನ್ನು ಹುಂಜವೂ ನಾಲ್ಕು ಹೇಟೆಗಳೂ ಹಂಚಿಕೊಳ್ಳುತ್ತಿದ್ದವು.

ಮೈಯೆಲ್ಲ ಬೆವರಿ ಅವನು ಬಣ್ಣದ ಮನೆಗೆ ಹಿಂತಿರುಗಿದಾಗ ಒಳಗೆ ಗೋಳಾಟ ನಡೆದಿತ್ತು. ಸಿಕ್ಕಿಬಿದ್ದೆ ಎಂದುಕೊಂಡ. ಆದರೆ ಎಲ್ಲರೂ ಸುತ್ತುವರಿದಿದ್ದದ್ದು ದೀಪಿಕಳನ್ನು. ಅವಳು ಬಾಯಿ ತೆರೆದರೆ ಗಾಳಿ ಹೋದ ಸೈಕಲ್ ಟ್ಯೂಬಿನ ಹಾಗೆ ಬರೀ ಉಸ್ಸೆನ್ನುತ್ತಿತ್ತು.

"ಬೆಳಿಗ್ಗೆಯಿಂದ್ಲೇ ಗಂಟ್ಲು ಕೆರೀತಿತ್ತಂತೆ. ಮೇಲೆ ಅದೇನು ತಿಂದಳೋ!" ಕಸ್ತೂರಿರಂಗ ಮೇಷ್ಟ್ರು ತಲೆ ಚಚ್ಚಿಕೊಂಡರು. "ರಾಣಿ ಇಲ್ದೆ ನಾಟಕ ಹೇಗಮ್ಮಾ ಆಗುತ್ತೆ? ಹೆಸರು ಕರೆಯೋಕೆ ಇನ್ನರ್ಧ ಗಂಟೇನೂ ಇಲ್ಲ. ವಾಪಸ್ ಹೋಗೋಣ, ನಡೀರಿ."

ನಯನ ಕಿರೀಟ ಹಿಡಿದುಕೊಂಡು ನಿಂತಿದ್ದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನೇ ನೋಡಬೇಕೆಂದು ಬೆಳಿಗ್ಗೆಯಿಂದ ಒದ್ದಾಡಿದ ರಾಜೇಂದ್ರನಿಗೆ ಈಗ ನೋಡಲಾಗಲಿಲ್ಲ. ಅಷ್ಟರಲ್ಲಿ ಅವಳು ಮೂಗೊರೆಸಿಕೊಂಡು, "ಸಾರ್," ಎಂದಳು. "ನಮ್ಮನೆಯವ್ರಿಗೆ ಬತ್ತದೆ. ಮೂರು ತಿಂಗ್ಳಿಂದ ನನ್ನೆದ್ರಿಗೆ ರಾಣಿ ಮಾತು ಹೇಳ್ತಿರೋದು ಅವ್ರೇಯ."

ಎಲ್ಲರೂ ರಾಜೇಂದ್ರನನ್ನು ಸಂತೆಯಲ್ಲಿ ಕರು ನೋಡುವ ಹಾಗೆ ನೋಡಿದರು.

"ನಾನಾ? ಸೀರೆನಾ? ಮೀಸೆ ಇರೋ ಗಂಡಸು ನಾನು!"

"ಸುಮ್ನಿರಯ್ಯಾ," ಎಂದರು ಮೇಷ್ಟ್ರು. "ಆ ಕಾಲದ ಕಂಪನಿಗಳಲ್ಲಿ ರಾಣಿ ಆಗ್ತಿದ್ದೋರೆಲ್ಲ ಗಂಡಸರೇ. ಸೀರೆ ಉಡೋ ನಾಜೂಕನ್ನ ಮನೆ ಹೆಂಗಸರು ಅವರನ್ನ ನೋಡಿ ಕಲೀತಿದ್ರಂತೆ. ಅಷ್ಟ್ಯಾಕೆ, ಸಾವಿರಾರು ವರ್ಷದ ಹಿಂದೆ ಗ್ರೀಕರ ನಾಟಕದಲ್ಲೂ ಗಂಡಸೇ ಮುಖವಾಡ ಹಾಕ್ಕೊಂಡು ಹೆಣ್ಣಾಗ್ತಿದ್ದ. ನಿನ್ನ ಕಂಠ ಇದೆಯಲ್ಲ, ಅದು ರಾಣಿಗೇ ಮಾಡಿಸಿದ್ದು. ಎರಡು ಹಾಡು, ಒಂದು ಅಳೋ ಸೀನು, ಯೋಚನೆ ಮಾಡು."

ಎರಡು ಹಾಡು! ಅವನ ಕಿವಿ ನೆಟ್ಟಗಾಯಿತು. ವರ್ಷಗಟ್ಟಲೆ ಬಾಗಿಲು ಕಾದವನಿಗೆ ಎರಡು ಹಾಡು.

"ಆದ್ರೆ ಒಂದು ಮಾತು," ಮಾಯಮ್ಮ ದನಿ ತಗ್ಗಿಸಿದಳು. "ಇದು ಎಂಗಸ್ರ ಸ್ಪರ್ಧೆ. ಗಂಡ್ಸು ಅಂತ ಗೊತ್ತಾಯ್ತೋ, ನಮ್ಮನ್ನೆಲ್ಲ ಒರಗೆ ಆಕ್ತಾರೆ. ಬಾಯಿ ಬುಡಂಗಿಲ್ಲ ಕಣ್ಲಾ, ಯಾರತ್ರನೂ."

ರಾಜೇಂದ್ರ ತಲೆಯಾಡಿಸಿದ. ಬಣ್ಣ ಹಚ್ಚುವವನು ಬ್ಲೇಡು ತೆಗೆದ. ಹರಳೆಣ್ಣೆ ಕುಡಿದು ಬೆಳೆದ ಮೀಸೆ ಎರಡೇ ಎಳೆತಕ್ಕೆ ಕೆಳಗಿಟ್ಟಿದ್ದ ತಟ್ಟೆಗೆ ಬಿತ್ತು. ಅದೇ ಹೊತ್ತಿಗೆ ನಯನ ಪೆಟ್ಟಿಗೆಯಲ್ಲಿ ಕೈಯಾಡಿಸಿ ಚೀರಿದಳು.

"ನನ್ ಮೀಸೆ! ಇಲ್ಲೇ ಇಟ್ಟಿದ್ದೆ, ಕಾಣಿಸ್ತಿಲ್ಲ!"

ಹುಡುಕಾಟ ಶುರುವಾಯಿತು. ರಾಜೇಂದ್ರನೂ ಎಲ್ಲರಿಗಿಂತ ಜೋರಾಗಿ ಪೆಟ್ಟಿಗೆಯ ಅಡಿಯೆಲ್ಲ ಹುಡುಕಿದ. ಕೊನೆಗೆ ಮಾಯಮ್ಮನ ಕಣ್ಣು ತಟ್ಟೆಯ ಮೇಲೆ ಬಿತ್ತು.

"ಅಲ್ಲಾ, ಇಲ್ಲೇ ಅದಲ್ಲ! ಮನೆ ಮೀಸೆ ಇಟ್ಕೊಂಡು ಊರೆಲ್ಲ ಉಡುಕ್ತಾ ಇದೀರಲ್ರಮ್ಮಿ!"

ಬಣ್ಣದವನು ನಯನಳ ತುಟಿಯ ಮೇಲೆ ಅಂಟು ಸವರಿ, ತಟ್ಟೆಯಲ್ಲಿದ್ದ ಕೂದಲನ್ನು ಜೋಡಿಸಿ ಒತ್ತಿ, ತುದಿಯನ್ನು ಕಾಡಿಗೆಯಿಂದ ಮೇಲಕ್ಕೆ ತಿರುವಿದ. ಮೊದಲಿನದಕ್ಕಿಂತ ಚೆನ್ನಾಗಿ ಕೂತಿತು. ಹತ್ತು ನಿಮಿಷದಲ್ಲಿ ಹಸಿರು ರೇಷ್ಮೆ ಸೀರೆ, ಜಡೆ, ಮೂಗುಬೊಟ್ಟು ಇಟ್ಟುಕೊಂಡ ರಾಜೇಂದ್ರ ಕನ್ನಡಿಯ ಮುಂದೆ ನಿಂತಾಗ ಪಕ್ಕದಲ್ಲಿ ಅವನ ಮೀಸೆ ಹೊತ್ತ ಹೆಂಡತಿ ನಿಂತಿದ್ದಳು.

ಪರದೆ ಎದ್ದಿತು. ರಾಣಿ ಮರಕತವಲ್ಲಿ ಸೆರಗಿನ ಅಂಚು ಹಿಡಿದು, ಕೊಳಕ್ಕೆ ಇಳಿಯುವ ಬಾತುಕೋಳಿಯಂತೆ ಹೆಜ್ಜೆಯಿಟ್ಟು ಬಂದಳು. ಮೊದಲ ಹಾಡಿನ ಎರಡನೇ ಸಾಲಿಗೆ ಜನ ಮಾತು ನಿಲ್ಲಿಸಿದರು. ಮೂರನೆಯದಕ್ಕೆ ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಆ ಸೂಜಿ ಕಂಠ ಮಂಟಪದ ಮೂಲೆಮೂಲೆಗೂ ಹೋಗಿ ಚುಚ್ಚಿತು.

ರಾಜ ಬಂದು ಗುಡುಗಿದ. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಕೇಳಿದ್ದೇ ರಾಜೇಂದ್ರನ ಹೊಟ್ಟೆಯ ಬೆಂಕಿ ಮತ್ತೆ ಎದ್ದಿತು. ನೋಡೇಬಿಡೋಣ ಎಂದುಕೊಂಡ.

ಕೊನೆಯ ಸೀನು. ಚಂಡಪ್ರತಾಪ ಯುದ್ಧಕ್ಕೆ ಹೊರಡಬೇಕು, ರಾಣಿ ಕಾಲು ಹಿಡಿದು ತಡೆಯಬೇಕು, ರಾಜ ಬಿಡಿಸಿಕೊಂಡು ಸಿಂಹಗರ್ಜನೆ ಮಾಡಿ ಹೊರಡಬೇಕು. ಆ ಗರ್ಜನೆಗಾಗಿಯೇ ನಯನ ಮೂರು ತಿಂಗಳು ಕಷಾಯ ಕುಡಿದಿದ್ದಳು. ರಾಜೇಂದ್ರ ಕಾಲು ಹಿಡಿದ. ಹಾಡು ಮುಗಿಯಿತು, ಕಾಲು ಬಿಡಲಿಲ್ಲ.

"ಬಿಡು ಪ್ರಿಯೆ, ವೀರನ ಹಾದಿಗೆ ಕಣ್ಣೀರು ಅಡ್ಡಿಯಾಗಬಾರದು!" ಎಂದ ರಾಜ. ರಾಣಿ ಇನ್ನೊಂದು ಸಲ ಬಿಕ್ಕಿದಳು.

"ಸಾಕು ಬುಡ್ರೀ!" ಮೀಸೆಯ ಕೆಳಗಿನಿಂದ ನಯನ ಪಿಸುಗುಟ್ಟಿದಳು.

"ಇರು, ಇನ್ನೊಂದು ನುಡಿ ಐತೆ."

ನಾಟಕದಲ್ಲಿ ಇಲ್ಲದ ನುಡಿಯನ್ನು ರಾಜೇಂದ್ರ ಅಲ್ಲೇ ಕಟ್ಟಿ ಹಾಡಿದ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಒನ್ಸ್ ಮೋರ್!" ಎಂಬ ಕೂಗು ಎದ್ದಿತು. ಅವನು ಮತ್ತೆ ಹಾಡಿದ. ಮೂರನೇ ಸಲ ಅಳುವಾಗ ಅವನಿಗೆ ನಿಜವಾಗಿಯೇ ಕಣ್ಣೀರು ಬಂತು. ಅದು ಪಶ್ಚಾತ್ತಾಪವೋ ಸಂತೋಷವೋ ಅವನಿಗೇ ತಿಳಿಯಲಿಲ್ಲ. ಕೊನೆಗೂ ಕಾಲು ಬಿಟ್ಟಾಗ ಸ್ಪರ್ಧೆಯವರು ಕೊಟ್ಟಿದ್ದ ಹೊತ್ತು ಮೀರಿತ್ತು. ಗಂಟೆ ಹೊಡೆಯಿತು, ರಾಜ ಬಾಯಿ ತೆರೆಯುವಷ್ಟರಲ್ಲಿ ಪರದೆ ಬಿತ್ತು.

ಬಣ್ಣದ ಮನೆಗೆ ಬಂದದ್ದೇ ಮಾಯಮ್ಮ ಅವನ ಸೀರೆಗೆ ಕೈ ಹಾಕಿದಳು.

"ಬಿಚ್ಲಾ, ಬಿಚ್ಚು! ಈಗ ಎಲ್ರನ್ನೂ ಸ್ಟೇಜಿಗೆ ಕರೀತಾರೆ, ಅತ್ರದಿಂದ ನೋಡಿದ್ರೆ ಕತ್ತಿನ ಗಂಟು ಕಾಣ್ತದೆ!"

ಸೀರೆ, ಜಡೆ, ಮೂಗುಬೊಟ್ಟು ಎಲ್ಲವೂ ಗಿರಗಿರನೆ ದೀಪಿಕಳ ಮೈಗೆ ಹೋದವು. ಪಟ್ಟೆ ಚಡ್ಡಿಯಲ್ಲಿ ಉಳಿದ ರಾಜೇಂದ್ರ ಅಕ್ಕಿ ಮೂಟೆಗಳ ಹಿಂದೆ ಕೂತು ಕಿವಿಗೊಟ್ಟ. ತೀರ್ಪುಗಾರರಾದ ಪಂಕಜಮ್ಮನವರ ದನಿ ಮೈಕಿನಲ್ಲಿ ಕೇಳಿಸುತ್ತಿತ್ತು. ಅವರು ನಿವೃತ್ತ ಹೆಡ್ ಮೇಡಂ, ಮಾತು ಅಳೆದು ಆಡುವವರು.

"ನಲವತ್ತು ವರ್ಷದಿಂದ ನಾಟಕ ನೋಡ್ತಿದ್ದೀನಿ. ಇಂಥ ಹೆಣ್ಣುತನ, ಇಂಥ ಕಂಠ ನಾನು ಕಂಡಿಲ್ಲ. ಅತ್ಯುತ್ತಮ ನಟಿ ಬಹುಮಾನ, ರಾಣಿ ಮರಕತವಲ್ಲಿ..."

ರಾಜೇಂದ್ರ ತನಗರಿಯದೆಯೇ ಎದ್ದು ನಿಂತ.

"...ಪಾತ್ರಧಾರಿ ಶ್ರೀಮತಿ ದೀಪಿಕ!"

ಮಂಟಪ ಹಾರಿಹೋಗುವ ಹಾಗೆ ಚಪ್ಪಾಳೆ ಬಿತ್ತು. ಕಿಟಕಿಯ ಸಂದಿಯಿಂದ ಅವನು ನೋಡಿದ. ದೀಪಿಕ ಶಾಲು ಹೊದ್ದು, ಬಹುಮಾನದ ಬೆಳ್ಳಿಯ ಕಿರೀಟ ಹಿಡಿದು ನಿಂತಿದ್ದಳು. ಎರಡು ಮಾತಾಡಲು ಮೈಕು ಕೊಟ್ಟರು. ಅವಳು ಬಾಯಿ ತೆರೆದಳು, ಉಸ್ಸೆಂದಿತು, ಗಾಬರಿಯಿಂದ ಕೈ ಮುಗಿದುಬಿಟ್ಟಳು.

"ನೋಡಿ!" ಎಂದರು ಪಂಕಜಮ್ಮ, ಗದ್ಗದಿತರಾಗಿ. "ಸಂತೋಷಕ್ಕೆ ಮಾತೇ ಹೊರಡ್ತಿಲ್ಲ. ಕಲಾವಿದೆಗೆ ಇರಬೇಕಾದ ವಿನಯ ಅಂದ್ರೆ ಇದು."

ಚಪ್ಪಾಳೆ ಇಮ್ಮಡಿಯಾಯಿತು.

ಅಂಗಿ ಪ್ಯಾಂಟು ಹಾಕಿಕೊಂಡು ಅವನು ಈಚೆ ಬರುವ ಹೊತ್ತಿಗೆ ನಯನ ಒಬ್ಬಳೇ ಮೆಟ್ಟಿಲ ಮೇಲೆ ಕೂತು ಮೀಸೆ ಕೀಳುತ್ತಿದ್ದಳು.

"ನೀವು ಕಾಲು ಬುಟ್ಟಿದ್ರೆ ಅದು ನಂಗೆ ಬತ್ತಿತ್ತೇನೋ," ಎಂದಳು. ಕೋಪವಿರಲಿಲ್ಲ, ಸುಸ್ತಿತ್ತು.

"ನಂಗೂ ಬರ್ಲಿಲ್ವಲ್ಲ," ಎಂದ ರಾಜೇಂದ್ರ.

ಅವಳು ಅವನ ಮುಖವನ್ನೇ ಒಂದು ಗಳಿಗೆ ನೋಡಿದಳು. ಏನು ಅರ್ಥವಾಯಿತೋ, ಏನು ಆಗಲಿಲ್ಲವೋ, ಮತ್ತೆ ಮೀಸೆ ಕೀಳತೊಡಗಿದಳು.

ಅಷ್ಟರಲ್ಲಿ ಪಂಕಜಮ್ಮನವರೇ ಕಾರಿನ ಕಡೆಗೆ ಹೊರಟವರು ಅಲ್ಲಿ ನಿಂತರು. ಹಿಂದೆ ಮೇಷ್ಟ್ರು, ಮಾಯಮ್ಮ, ಶಾಲು ಹೊದ್ದ ದೀಪಿಕ.

"ನೀವು ರಾಜ ಅಲ್ವಾ? ಚೆನ್ನಾಗಿ ಮಾಡಿದ್ರಿ. ಇವರು?"

"ನಮ್ಮನೆಯವ್ರು."

"ಓ! ಹೆಂಡತಿ ಜೊತೆ ಪೆಟ್ಟಿಗೆ ಹೊತ್ಕೊಂಡು ಬಂದಿದ್ದೀರಾ? ಒಳ್ಳೇದು." ಅವರು ರಾಜೇಂದ್ರನ ಬೋಳು ತುಟಿಯನ್ನು ಕನ್ನಡಕದ ಮೇಲಿನಿಂದ ನೋಡಿದರು. "ನೀವೂ ಪಾತ್ರ ಗೀತ್ರ ಮಾಡ್ತೀರೇನು?"

ಮೇಷ್ಟ್ರು ಕೆಮ್ಮಿದರು. ಮಾಯಮ್ಮ ಹಿಂದಿನಿಂದ ಅವನ ಬೆನ್ನು ಚಿವುಟಿದಳು. ದೀಪಿಕ ಬೆಳ್ಳಿಯ ಕಿರೀಟವನ್ನು ಎದೆಗೆ ಒತ್ತಿಕೊಂಡಳು. ನಯನ ನೆಲ ನೋಡುತ್ತಿದ್ದಳು.

"ಇಲ್ಲ ತಾಯಿ," ಎಂದ ರಾಜೇಂದ್ರ. "ನಂಗೆ ಅದೆಲ್ಲ ಬರಲ್ಲ."

"ಅನ್ಕೊಂಡೆ," ಎಂದರು ಪಂಕಜಮ್ಮ, ಕಾರಿನ ಬಾಗಿಲು ತೆಗೆಯುತ್ತಾ. "ಮುಖ ನೋಡಿದ್ರೇ ಗೊತ್ತಾಗುತ್ತೆ ಬಿಡಿ."